ಬರೆದು, ಒಡೆದು, ಓದಿದ ಭಾರತ

ಬರೆಯುವುದು ಒಂದು ಧ್ಯಾನ, ಕತೆ ಹೇಳುವುದು ಒಂದು ಸಾಧನೆ ಅಂತ ಯಾರಾದರೂ ಶುರು ಮಾಡಿದರೆ ನನಗೆ ಇರುಸುಮುರುಸು ಆಗುತ್ತದೆ. ಧ್ಯಾನಕ್ಕೆ ಕೂತವರಿಗೆ ಯಾರೂ ‘ವಿಷಾದದೊಂದಿಗೆ ಹಿಂತಿರುಗಿಸಲಾಗಿದೆ’ ಅಂತ ಚೀಟಿ ಕಳಿಸುವುದಿಲ್ಲ. ನಾನು ಸಣ್ಣಕತೆ ಬರೆಯುತ್ತಿದ್ದವಳು. ಕೆಲವು ಪತ್ರಿಕೆಗಳಲ್ಲಿ ಬಂದಿವೆ, ಉಳಿದವು ಬೀರುವಿನಲ್ಲಿವೆ. ಆಮೇಲೆ ಬರೆಯುವುದು ನಿಂತೇ ಹೋಯಿತು. ದೊಡ್ಡ ಕಾರಣವೇನೂ ಇರಲಿಲ್ಲ. ಎರಡು ಪುಟ ಆಗುತ್ತಿದ್ದ ಹಾಗೆ ನನ್ನ ದನಿ ನನಗೇ ಬೇಜಾರು ಬರಿಸುತ್ತಿತ್ತು, ಅಷ್ಟೆ.

ಗಮಕ ಕಲಿಯಲು ಹೋದದ್ದು ಆ ಬೇಜಾರಿಗೆ ಮದ್ದು ಅಂತಲೂ ಅಲ್ಲ. ನಾವಿರುವುದು ಶಿವಮೊಗ್ಗದಲ್ಲಿ. ಇಲ್ಲಿಂದ ಸ್ವಲ್ಪ ದೂರ ಹೋದರೆ ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿ. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ. 2022ರಲ್ಲಿ ಪದ್ಮಶ್ರೀ ಬಂದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಹೊಸಹಳ್ಳಿಯವರೇ. ಹಾಗಾಗಿ ನಮ್ಮ ಕಡೆ ಗಮಕ ಅಪರೂಪದ ವಸ್ತುವಲ್ಲ. ಮದುವೆ ಮನೆಯಲ್ಲೂ, ದೇವಸ್ಥಾನದಲ್ಲೂ ಎಲ್ಲೋ ಒಮ್ಮೆ ಕಿವಿಗೆ ಬಿದ್ದೇ ಇರುತ್ತದೆ. ನಮ್ಮ ಬಡಾವಣೆಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಶನಿವಾರ ಸಂಜೆ ಮನೆಯ ಜಗಲಿಯಲ್ಲಿ ಹೇಳಿಕೊಡುತ್ತಿದ್ದರು. ಫೀಸು ಇಲ್ಲ. ಸುಮ್ನೆ ಹೋಗಿ ಕೂತೆ.

ಕೇಳದವರಿಗಾಗಿ ಹೇಳಿಬಿಡುತ್ತೇನೆ. ಗಮಕ ಅಂದರೆ ಕಾವ್ಯವನ್ನು ರಾಗದಲ್ಲಿ, ಆದರೆ ತಾಳದ ಹಂಗಿಲ್ಲದೆ, ಅರ್ಥ ಕೆಡದ ಹಾಗೆ ಬಿಡಿಸಿ ಓದುವುದು. ಹಾಡುವುದಕ್ಕೂ ಓದುವುದಕ್ಕೂ ನಡುವಿನದು. ಓದುವವರು ಗಮಕಿ. ಪಕ್ಕದಲ್ಲಿ ಕೂತು ಆ ಪದ್ಯದ ಕತೆಯನ್ನು ಆಡುಮಾತಿನಲ್ಲಿ ಹೇಳುವವರು ವ್ಯಾಖ್ಯಾನಕಾರರು. ಒಂದೋ ಎರಡೋ ಪದ್ಯ ಓದು, ಆಮೇಲೆ ಮಾತು, ಮತ್ತೆ ಓದು, ಹೀಗೆ ಸಂಜೆಯಿಡೀ ನಡೆಯುತ್ತದೆ. ನಾನು ಹೋದದ್ದು ಓದು ಕಲಿಯೋಣ ಅಂತ. ನನ್ನ ಕಂಠ ಕೇಳಿದ ಮೇಷ್ಟ್ರು ಏನೂ ಹೇಳದೆ ನಿಧಾನವಾಗಿ ವ್ಯಾಖ್ಯಾನದ ಕಡೆಗೆ ಸರಿಸಿದರು. ಸರಿಯಾದ ತೀರ್ಮಾನವೇ.

ಆದರೆ ವ್ಯಾಖ್ಯಾನ ಮಾಡುವವಳಿಗೂ ಓದು ಬಿಟ್ಟದ್ದಲ್ಲ. ಮೊದಲ ಕೆಲಸವೇ ಬರೆಯುವುದು. ಮೇಷ್ಟ್ರ ಪದ್ಧತಿ ಹೀಗೆ: ಇನ್ನೂರು ಪುಟದ ಉದ್ದ ನೋಟ್‌ಬುಕ್ಕು. ಎಡಗಡೆ ಪುಟದಲ್ಲಿ ಪದ್ಯ ಪುಸ್ತಕದಲ್ಲಿ ಹೇಗಿದೆಯೋ ಹಾಗೆ, ಕೈಯಿಂದ. ಬಲಗಡೆ ಪುಟದಲ್ಲಿ ಅದೇ ಪದ್ಯ, ಸಂಧಿ ಬಿಡಿಸಿ, ಪದ ಬೇರೆ ಮಾಡಿ. ಅದರ ಕೆಳಗೆ ಗೊತ್ತಿಲ್ಲದ ಪದಗಳ ಅರ್ಥ. ಫೋಟೋ ತೆಗೆದುಕೊಂಡು ಬಂದರೆ ಆಗೋದಿಲ್ಲ. ಜೆರಾಕ್ಸಿಗೂ ಪ್ರವೇಶವಿಲ್ಲ. ‘ಮೊದಲು ಕೈ ಓದಲಿ, ಆಮೇಲೆ ನಾಲಿಗೆ ಓದಲಿ’ ಅನ್ನುತ್ತಿದ್ದರು. ನಮ್ಮ ಗುಂಪಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ‘ಸರ್, ಟೈಪ್ ಮಾಡಿದರೆ?’ ಅಂದ. ‘ಟೈಪ್ ಮಾಡೋದು ಬೆರಳು, ಕೈಯಲ್ಲಪ್ಪ’ ಅಂದರು. ಆ ಉತ್ತರದಲ್ಲಿ ತರ್ಕ ಎಷ್ಟಿದೆ ಅಂತ ನನಗೆ ಈಗಲೂ ಗೊತ್ತಿಲ್ಲ. ಹುಡುಗ ಮಾತ್ರ ಪೆನ್ನು ತಂದ.

ನಾವು ಓದುತ್ತಿದ್ದದ್ದು ಕುಮಾರವ್ಯಾಸ ಭಾರತ. ಅಂದರೆ ಗದುಗಿನ ನಾರಣಪ್ಪನ ಕರ್ಣಾಟ ಭಾರತ ಕಥಾಮಂಜರಿ. ಹತ್ತು ಪರ್ವ, ಎಲ್ಲವೂ ಭಾಮಿನಿ ಷಟ್ಪದಿ. ಶುರುವಿಗೆ ನಾಂದಿ ಪದ್ಯವನ್ನು ನಾಟಿ ರಾಗದಲ್ಲಿ ಕಲಿಸಿ, ಅಲ್ಲಿಂದ ಸೀದಾ ವಿರಾಟಪರ್ವಕ್ಕೆ ಹಾರಿದರು. ಆ ವರ್ಷ ಮಳೆ ತಡವಾಗಿತ್ತು. ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುವುದು ನಮ್ಮಲ್ಲಿ ಹಳೆಯ ರೂಢಿ, ಈಗಲೂ ಹಳ್ಳಿಗಳಲ್ಲಿ ಇದೆ. ಧರ್ಮರಾಯ ಅಡಗಿರುವ ನಾಡಿನಲ್ಲಿ ಕಾಲಕಾಲಕ್ಕೆ ಮಳೆ ಬೆಳೆ ಆಗುತ್ತಿರುತ್ತದೆ, ಹಾಗಿರುವ ಜಾಗ ಹುಡುಕಿ ಅಂತ ಭೀಷ್ಮ ಕೌರವರಿಗೆ ಹೇಳುವ ಮಾತು ವ್ಯಾಸಭಾರತದ ವಿರಾಟಪರ್ವದಲ್ಲಿದೆ. ರೂಢಿಯ ಬೇರು ಅಲ್ಲಿರಬೇಕು ಅನ್ನುವುದು ಮೇಷ್ಟ್ರ ಅಭಿಪ್ರಾಯ. ಓದಿದರೆ ಮಳೆ ಬರುತ್ತದಾ ಅಂತ ಕೇಳಿದ್ದಕ್ಕೆ, ‘ಬರುವವರೆಗೂ ಓದಿದರೆ ಬರುತ್ತದೆ’ ಅಂತ ನಕ್ಕರು.

ಒಂದು ಪದ್ಯದ ಜೊತೆ ಕೂರುವುದು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಉತ್ತರಕುಮಾರನ ಪ್ರಸಂಗದಲ್ಲಿ. ಕತೆ ಎಲ್ಲರಿಗೂ ಗೊತ್ತು. ‘ಉತ್ತರನ ಪೌರುಷ ಒಲೆಯ ಮುಂದೆ’ ಅನ್ನುವ ಗಾದೆ ಕೇಳದವರು ಯಾರಿದ್ದಾರೆ? ಹೆಂಗಸರ ಮುಂದೆ ಜಂಬ ಕೊಚ್ಚಿ, ಬೃಹನ್ನಳೆಯನ್ನು ಸಾರಥಿ ಮಾಡಿಕೊಂಡು ಹೊರಟ ಹುಡುಗ ಕೌರವ ಸೇನೆಯನ್ನು ಕಂಡು ನಡುಗುತ್ತಾನೆ. ಆಗ ಹೇಳುತ್ತಾನೆ:

ಹಸಿದ ಮಾರಿಯ ಮಂದೆಯಲಿ ಕುರಿ
ನುಸುಳಿದಂತಾದೆನು ಬೃಹನ್ನಳೆ
ಎಸಗದಿರು ತೇಜಿಗಳ ತಡೆ ಚಮ್ಮಟಿಗೆಯನು ಬಿಸುಡು

ಮೊದಲು ಮಾತ್ರೆ ಲೆಕ್ಕ. ಭಾಮಿನಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ. ಮೂರನೆಯದು, ಆರನೆಯದು ಉದ್ದ, 21 ಮಾತ್ರೆಯ ಮೇಲೆ ಒಂದು ಗುರು, ಒಟ್ಟು 23. ಹಗಲೆಲ್ಲ ಆಫೀಸಿನಲ್ಲಿ ಲೆಕ್ಕ ನೋಡುವ ನನಗೆ ಇದು ಖುಷಿಯ ಕೆಲಸ. ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಹಸಿದ, ಮಾರಿಯ, ಮಂದೆ, ಯಲಿ ಕುರಿ. ಸರಿ ಹೋಯಿತು. ನುಸುಳಿ, ದಂತಾ, ದೆನು ಬೃ, ಹನ್ನಳೆ. ಇದೂ ಸರಿ. ಹಾಗೇ ಓದಿದೆ.

‘ಬೃಹನ್ನಳೆಯ ತಲೆ ಒಂದು ಕಡೆ, ಮೈ ಒಂದು ಕಡೆ ಮಾಡಿದೆಯಲ್ಲಮ್ಮ’ ಅಂದರು ಮೇಷ್ಟ್ರು.

ಗಮಕದ ಕಷ್ಟವೆಲ್ಲ ಇಲ್ಲೇ ಇದೆ. ಮಾತ್ರೆಯ ನಡಿಗೆ ಒಂದು ಕಡೆ ಎಳೆಯುತ್ತದೆ. ಅರ್ಥ ಇನ್ನೊಂದು ಕಡೆ ನಿಲ್ಲಿಸುತ್ತದೆ. ಸಾಲಿನ ಕೊನೆಗೆ ನಿಂತರೆ ‘ಕುರಿ’ ಒಂದೇ ಉಳಿದು, ‘ನುಸುಳಿದಂತಾದೆನು’ ಎಲ್ಲಿಂದಲೋ ಬಂದ ಹಾಗಾಗುತ್ತದೆ. ಹಾಗಾಗಿ ಮೊದಲ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ‘ಕುರಿ ನುಸುಳಿದಂತಾದೆನು’ ಅಂತ ಒಂದೇ ಉಸಿರಿಗೆ ದಾಟಬೇಕು. ಆಮೇಲೆ ಸಣ್ಣ ತಡೆ. ಆಮೇಲೆ ‘ಬೃಹನ್ನಳೆ’ ಅಂತ ಕರೆಯಬೇಕು, ಅದು ಸಂಬೋಧನೆ. ಮೂರನೆಯ ಸಾಲು ಇನ್ನೂ ಮಜ. ಅಚ್ಚಿನಲ್ಲಿ ಅಲ್ಪವಿರಾಮ ಇಲ್ಲ, ಉದ್ದಕ್ಕೆ ಓಡುತ್ತದೆ. ಬಿಡಿಸಿ ನೋಡಿದರೆ ಮೂರು ಬೇರೆ ಬೇರೆ ಮಾತು. ಎಸಗದಿರು ತೇಜಿಗಳ, ಕುದುರೆ ಓಡಿಸಬೇಡ. ತಡೆ. ಚಮ್ಮಟಿಗೆಯನು ಬಿಸುಡು, ಆ ಚಾವಟಿ ಎಸೆ. ಹೆದರಿದವರು ಮಾತಾಡುವುದೇ ಹಾಗೆ ಅಲ್ವಾ? ಉದ್ದ ವಾಕ್ಯ ಬರುವುದಿಲ್ಲ. ನಡುವೆ ಬರುವ ‘ತಡೆ’ ಅನ್ನುವುದು ಎರಡೇ ಮಾತ್ರೆ. ಅಷ್ಟರಲ್ಲಿ ಇಡೀ ರಥ ನಿಲ್ಲಬೇಕು.

ಬಲಗಡೆ ಪುಟದಲ್ಲಿ ಇದನ್ನು ಬರೆದಾಗ ನನಗೆ ಒಂದು ವಿಷಯ ಹೊಳೆಯಿತು. ಕಣ್ಣಲ್ಲಿ ಓದಿದ್ದರೆ ‘ಉತ್ತರ ಹೆದರಿದ’ ಅಂತ ಮುಂದಿನ ಪದ್ಯಕ್ಕೆ ಹೋಗಿರುತ್ತಿದ್ದೆ. ಕೈಯಲ್ಲಿ ಬರೆದದ್ದರಿಂದ, ಬಿಡಿಸಿ ಮತ್ತೆ ಬರೆದದ್ದರಿಂದ, ಹೆದರಿಕೆ ಯಾವ ಅಕ್ಷರದಲ್ಲಿ ಕೂತಿದೆ ಅಂತ ಕಂಡಿತು. ನನ್ನ ಕತೆಗಳಲ್ಲಿ ‘ಅವಳು ಭಯದಿಂದ ತತ್ತರಿಸಿದಳು’ ಅಂತ ಎಷ್ಟು ಸಲ ಬರೆದಿದ್ದೇನೋ! ನಾರಣಪ್ಪ ಇಲ್ಲಿ ಭಯ ಅನ್ನುವ ಪದವನ್ನೇ ತರುವುದಿಲ್ಲ.

ರಾತ್ರಿ ಊಟ ಮುಗಿದು, ಪಾತ್ರೆ ತೊಳೆದು, ಅಡುಗೆಮನೆ ಮೇಜಿನ ಮೇಲೆ ಪದ್ಯ ಬರೆಯುವುದು ಅಭ್ಯಾಸವಾಯಿತು. ದಿನಕ್ಕೆ ನಾಲ್ಕೈದು ಪದ್ಯ, ಜಾಸ್ತಿ ಇಲ್ಲ. ಇಲ್ಲಿ ದೊಡ್ಡ ಅನುಭವ ಏನಾದರೂ ಆಯಿತಾ ಅಂತ ಕೇಳುವವರಿದ್ದಾರೆ. ಬೆಳಕು ಗಿಳಕು ಏನೂ ಕಾಣಲಿಲ್ಲ. ಕೈ ನೋವು ಬಂತು. ಆದರೆ ಬೇರೆಯವರ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಬರೆಯುವಾಗ ನನ್ನ ತಲೆಯೊಳಗಿನ ಗದ್ದಲ ಕಡಿಮೆಯಾಗುತ್ತಿದ್ದದ್ದು ನಿಜ. ಅಲ್ಲಿ ನಾನು ಏನನ್ನೂ ತೋರಿಸಬೇಕಾಗಿಲ್ಲ. ಚೆನ್ನಾಗಿ ಬಂತಾ ಇಲ್ಲವಾ ಅನ್ನುವ ಪ್ರಶ್ನೆಯೇ ಇಲ್ಲ. ಐನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಚೆನ್ನಾಗಿ ಬಂದಾಗಿದೆ. ನನ್ನ ಕೆಲಸ ಅದನ್ನು ತಪ್ಪಿಲ್ಲದೆ ಇಳಿಸುವುದು.

ಹಾಗೆ ಬರೆಯುತ್ತಿರುವಾಗಲೇ ಪೀಠಿಕೆಯ ಆ ಮಾತು ಬಂದದ್ದು. ‘ವೀರನಾರಾಯಣನೆ ಕವಿ ಲಿಪಿಕಾರ ಕುವರವ್ಯಾಸ.’ ಕವಿ ದೇವರು, ನಾನು ಬರೆದುಕೊಳ್ಳುವವನು ಮಾತ್ರ. ಶಾಲೆಯಲ್ಲಿ ಇದನ್ನು ಕವಿಯ ವಿನಯ ಅಂತ ಹೇಳಿಕೊಟ್ಟಿದ್ದರು. ನಾನೂ ಹಾಗೇ ನಂಬಿದ್ದೆ. ಆದರೆ ಅದರ ಹತ್ತಿರದಲ್ಲೇ ಇನ್ನೊಂದು ಪದ್ಯ ಇದೆ. ಅದರಲ್ಲಿ ವಿನಯದ ಸುಳಿವೂ ಇಲ್ಲ. ಹಲಗೆ ಬಳಪ ಹಿಡಿಯದ ಹೆಚ್ಚುಗಾರಿಕೆ ನನ್ನದು ಅನ್ನುತ್ತಾನೆ, ಅಂದರೆ ಕರಡು ಬರೆದವನಲ್ಲ. ‘ಪದವಿಟ್ಟಳುಪದೊಂದಗ್ಗಳಿಕೆ’, ಇಟ್ಟ ಪದವನ್ನು ಅಳಿಸಲಿಲ್ಲ. ಬೇರೆಯವರ ದಾರಿ ಹಿಡಿಯಲಿಲ್ಲ. ಬರೆಯುವಾಗ ಓಲೆಯ ಮೇಲೆ ಕಂಠದ, ಅಂದರೆ ಬರೆಯುವ ಕಡ್ಡಿಯ, ಸದ್ದು ನಿಲ್ಲಲಿಲ್ಲ. ಇಷ್ಟು ಹೇಳಿ, ಈ ಬಲ ಗದುಗಿನ ವೀರನಾರಾಯಣನ ಕಿಂಕರನಿಗೆ ಅಂತ ಮುಗಿಸುತ್ತಾನೆ.

ಈ ಎರಡನ್ನೂ ಒಬ್ಬನೇ ಹೇಗೆ ಹೇಳಿದ? ಮೇಷ್ಟ್ರ ಹತ್ತಿರ ಇದೇ ವಿಷಯಕ್ಕೆ ಒಂದು ಶನಿವಾರ ಪೂರ್ತಿ ಚರ್ಚೆಯಾಯಿತು. ಇಂಜಿನಿಯರಿಂಗ್ ಹುಡುಗ, ‘ಬ್ಯಾಕ್‌ಸ್ಪೇಸೇ ಒತ್ತಿಲ್ಲ ಅಂತಾನೆ ಸರ್, ನಂಬೋಕೆ ಆಗಲ್ಲ’ ಅಂದ. ಮೇಷ್ಟ್ರು ಹೇಳಿದ್ದು ಇಷ್ಟು: ಅವನಿಗೆ ಕರಡು ಇರಲಿಲ್ಲ ಅಂತಲ್ಲ, ಕರಡು ಬಾಯಲ್ಲಿತ್ತು. ಓಲೆಗೆ ಬರುವ ಮೊದಲು ಪದ್ಯ ಬಾಯಲ್ಲಿ ಎಷ್ಟು ಸಲ ಹೊರಳಿರಬೇಕು! ದೇವರು ಹೇಳಿದ್ದನ್ನು ಬರೆದುಕೊಂಡೆ ಅನ್ನುವವನಿಗೆ ಕಿವಿ ಸೂಕ್ಷ್ಮವಾಗಿರಬೇಕು. ಕೇಳಿಸಿಕೊಳ್ಳಲು ಬಂದರೆ ಅಳಿಸುವ ಪ್ರಮೇಯ ಬರುವುದಿಲ್ಲ.

ನನಗೆ ಇದು ಹಿಡಿಸಿತು. ಭಕ್ತಿಯ ಮಾತು ಅಂತ ಪಕ್ಕಕ್ಕಿಟ್ಟಿದ್ದದ್ದು ಕಸುಬಿನ ಮಾತಾಗಿ ಕಂಡಿತು. ದೇವರನ್ನು ನಂಬುವ ವಿಷಯದಲ್ಲಿ ನಾನು ಈಗಲೂ ಅರ್ಧ ಒಳಗೆ, ಅರ್ಧ ಹೊರಗೆ. ಆದರೆ ಬರೆಯಲು ಕೂತಾಗ ‘ನಾನು ಕವಿ’ ಅಂದುಕೊಂಡು ಕೂರುವುದಕ್ಕೂ ‘ನಾನು ಬರೆದುಕೊಳ್ಳುವವಳು’ ಅಂದುಕೊಂಡು ಕೂರುವುದಕ್ಕೂ ಬೆನ್ನಿನ ಬಿಗಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಆ ಚಳಿಗಾಲದಲ್ಲಿ ಹುಬ್ಬಳ್ಳಿಗೆ ಮದುವೆಗೆ ಹೋದಾಗ ಗದಗಕ್ಕೂ ಹೋಗಿಬಂದೆವು. ನಾರಣಪ್ಪ ಹುಟ್ಟಿದ ಕೋಳಿವಾಡ ಹುಬ್ಬಳ್ಳಿಯ ಹತ್ತಿರವೇ. ಕಾವ್ಯ ಬರೆದದ್ದು ಗದುಗಿನ ವೀರನಾರಾಯಣನ ಗುಡಿಯಲ್ಲಿ ಅಂತ ನಂಬಿಕೆ. ಗುಡಿಯಲ್ಲಿ ಒಂದು ಕಂಬ ತೋರಿಸುತ್ತಾರೆ, ಅದಕ್ಕೆ ಒರಗಿ ಕೂತು ಬರೆಯುತ್ತಿದ್ದನಂತೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದ. ಬಟ್ಟೆ ಒದ್ದೆ ಇರುವವರೆಗೂ ಪದ್ಯ ಹರಿಯುತ್ತಿತ್ತು, ಒಣಗಿದ ಮೇಲೆ ನಿಲ್ಲುತ್ತಿತ್ತು. ಚಿಕ್ಕಂದಿನಿಂದ ಕೇಳಿದ ಕತೆ. ಅಲ್ಲಿ ಕಂಬದ ಮುಂದೆ ನಿಂತಾಗ ನನ್ನ ಲೆಕ್ಕದ ಬುದ್ಧಿ ಎದ್ದಿತು. ಗದುಗಿನ ಬಿಸಿಲಿಗೆ ಪಂಚೆ ಒಣಗಲು ಎಷ್ಟು ಹೊತ್ತು ಬೇಕು? ಜಾಸ್ತಿ ಅಂದರೆ ಒಂದು ಗಂಟೆ. ದಿನಕ್ಕೆ ಅಷ್ಟೇ ಹೊತ್ತು ಬರೆದು, ಉಳಿದ ಹೊತ್ತು ಬರೆಯದೇ ಇದ್ದ ಮನುಷ್ಯ ಹತ್ತು ಪರ್ವ ಮುಗಿಸಿದ್ದಾನೆ. ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಆಮೇಲೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಪವಾಡದ ಕತೆ ಅಂತ ಯಾರು ಬೇಕಾದರೂ ತಳ್ಳಿಹಾಕಲಿ. ಬರೆಯುವವರಿಗೆ ಅದರಲ್ಲಿ ಒಂದು ವೇಳಾಪಟ್ಟಿ ಇದೆ. ನಾನೂ ಅಡುಗೆಮನೆಯ ಗಡಿಯಾರ ನೋಡಿ ಏಳುವುದನ್ನು ಅಲ್ಲಿಂದಲೇ ಶುರು ಮಾಡಿದೆ. ಒದ್ದೆ ಬಟ್ಟೆಯ ಪ್ರಯೋಗ ಮಾಡಲಿಲ್ಲ, ಶಿವಮೊಗ್ಗದ ಜುಲೈನಲ್ಲಿ ಬಟ್ಟೆ ಒಣಗುವುದೇ ಇಲ್ಲ.

ರಾಗದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ನನ್ನ ಕ್ಷೇತ್ರವಲ್ಲ. ದುಃಖಕ್ಕೆ ಮುಖಾರಿ, ವೀರಕ್ಕೆ ಅಠಾಣ ಅಥವಾ ಬಿಲಹರಿ, ಕೊನೆಗೆ ಮಂಗಳಕ್ಕೆ ಮಧ್ಯಮಾವತಿ. ಇವು ನಮ್ಮ ಮೇಷ್ಟ್ರ ಆಯ್ಕೆಗಳು, ಬೇರೆಯವರು ಬೇರೆ ಮಾಡುತ್ತಾರೆ. ಓದಿದ ಪದ ಕೇಳುವವರಿಗೆ ಅರ್ಥವಾಗಬೇಕು ಅನ್ನುವುದೊಂದೇ ಬದಲಾಗದ ನಿಯಮ. ಆಲಾಪನೆ ಎಳೆದು, ಸ್ವರ ಹಾಕಿ, ಪದ ನುಂಗಿದರೆ ಅದು ಗಮಕವಲ್ಲ. ಈಚೆಗೆ ಕೆಲವು ಕಡೆ ಪಕ್ಕವಾದ್ಯ ಎಲ್ಲ ಸೇರಿಸಿ ಕಛೇರಿ ಥರ ಮಾಡುತ್ತಿದ್ದಾರೆ. ಸಭಿಕರು ತಲೆದೂಗುತ್ತಾರೆ, ಕತೆ ಎಲ್ಲಿಗೆ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ. ನನಗೆ ಅದು ಸೇರುವುದಿಲ್ಲ. ಶ್ರುತಿಪೆಟ್ಟಿಗೆ ಒಂದಿದ್ದರೆ ಸಾಕು.

ನನ್ನ ಪಾಲಿಗೆ ಬಂದ ಕೆಲಸ ವ್ಯಾಖ್ಯಾನ. ನನ್ನ ಜೊತೆ ಓದುವವರು ನನಗಿಂತ ಹಿರಿಯರು, ಸಂಗೀತ ಕಲಿತವರು. ಅಕ್ಕ ಅಂತಲೇ ಕರೆಯುತ್ತೇನೆ. ಮೊದಲ ಸಲ ಕಾರ್ಯಕ್ರಮ ಅಂತ ಗೊತ್ತಾದ ತಕ್ಷಣ ಕತೆಗಾರ್ತಿಯ ಹುಮ್ಮಸ್ಸಿನಲ್ಲಿ ಪೂರ್ತಿ ಮಾತನ್ನು ಬರೆದುಕೊಂಡೆ. ಉಪಮೆ ಏನು, ವರ್ಣನೆ ಏನು! ಮೇಷ್ಟ್ರು ಅದನ್ನು ಪೂರ್ತಿ ಓದಿದರು. ಚೆನ್ನಾಗಿದೆ ಅಂದರು. ಆಮೇಲೆ ಹಾಳೆಗಳನ್ನು ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡು, ‘ಈಗ ಹೇಳಮ್ಮ’ ಅಂದರು.

ಅಲ್ಲಿಂದ ಒಂದು ಪದ್ಧತಿ ರೂಢಿಯಾಯಿತು. ಮೊದಲು ಪೂರ್ತಿ ಬರೆಯುವುದು. ಬರೆದದ್ದನ್ನು ಅರ್ಧಕ್ಕೆ ಇಳಿಸುವುದು. ಅದನ್ನು ಒಂದು ಚೀಟಿಗೆ ಇಳಿಸುವುದು. ಚೀಟಿಯಲ್ಲಿ ಪದ್ಯಕ್ಕೆ ಒಂದೆರಡು ಪದ ಮಾತ್ರ. ಉತ್ತರನ ಪದ್ಯಕ್ಕೆ ನನ್ನ ಚೀಟಿಯಲ್ಲಿ ಇದ್ದದ್ದು ‘ಮಾರಿಜಾತ್ರೆ’ ಮತ್ತು ‘ತಡೆ’. ಕೂತಾಗ ಚೀಟಿಯನ್ನೂ ನೋಡಬಾರದು, ಅದು ಮಡಿಲಲ್ಲಿ ಇರುತ್ತದೆ ಅನ್ನುವ ಧೈರ್ಯಕ್ಕೆ ಅಷ್ಟೆ. ಬರೆದ ವಾಕ್ಯ ಬಾಯಿಪಾಠ ಬಂದರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಅವರ ಕಣ್ಣು ಚದುರುತ್ತದೆ. ಬರೆದದ್ದು ಮರೆತು, ಬರೆದಾಗ ಕಂಡದ್ದು ಮಾತ್ರ ಉಳಿದಿದ್ದರೆ ಹೊಸ ವಾಕ್ಯ ಆ ಹೊತ್ತಿಗೆ ಹುಟ್ಟುತ್ತದೆ. ಅದು ಯಾವಾಗಲೂ ಬರೆದದ್ದಕ್ಕಿಂತ ಚಿಕ್ಕದಾಗಿರುತ್ತದೆ.

ಓದು ಇದ್ದದ್ದು ಹೊಳೆಯಾಚೆಯ ಒಂದು ಹಳ್ಳಿಯ ಈಶ್ವರ ದೇವಸ್ಥಾನದಲ್ಲಿ. ಮಳೆಗಾಗಿ ಅಂತಲೇ ಕರೆಸಿದ್ದರು. ದೀಪ ಹಚ್ಚಿ, ವ್ಯಾಸಪೀಠದ ಮೇಲೆ ಪುಸ್ತಕ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಕುವೆಂಪು, ಮಾಸ್ತಿ ಸಂಪಾದಿಸಿದ ಹಳೆಯ ಪ್ರತಿ, ಬೈಂಡು ಬಿಟ್ಟಿತ್ತು. ಅದಕ್ಕೆ ಊರಿನ ಗೌಡರಿಂದ ಹಿಡಿದು ಶಾಲೆ ಮಕ್ಕಳವರೆಗೆ ಎಲ್ಲರೂ ಕೈಮುಗಿದರು. ಪುಸ್ತಕಕ್ಕೆ ಜನ ಸಾಲಾಗಿ ಬಂದು ಕೈಮುಗಿಯುವುದನ್ನು ಕಂಡಾಗ, ಬರವಣಿಗೆಯನ್ನು ವೃತ್ತಿಯಾಗಿ ಅಥವಾ ಹವ್ಯಾಸವಾಗಿ ಮಾತ್ರ ನೋಡುತ್ತಿದ್ದ ನನಗೆ ಒಂಥರಾ ಆಯಿತು. ಹೆಮ್ಮೆಯಂತೂ ಅಲ್ಲ, ಜವಾಬ್ದಾರಿಯ ಭಾರ ಅನ್ನಬಹುದೇನೋ. ಇವರು ಇಷ್ಟು ನಂಬಿ ಕೂತಿದ್ದಾರೆ, ನಾನು ಬಾಯಿಗೆ ಬಂದ ಹಾಗೆ ಹರಟುವ ಹಾಗಿಲ್ಲ.

ಅಕ್ಕ ಓದಿದರು. ಉತ್ತರನ ಜಂಬ ಬಂದಾಗ ಜನ ನಗಲು ಶುರು ಮಾಡಿದರು. ಹಸಿದ ಮಾರಿಯ ಪದ್ಯಕ್ಕೆ ನಾನು ವಿವರಿಸುವ ಮೊದಲೇ ನಕ್ಕಾಗಿತ್ತು. ಮಾರಿಗೆ ಕುರಿ ಬಿಡುವುದನ್ನು ಕಂಡ ಊರು ಅದು. ನಾನೂ ಹುರುಪಿನಲ್ಲಿ ಉತ್ತರನನ್ನು ಇನ್ನಷ್ಟು ಆಡಿಸಿದೆ. ಪಂಚೆ ಸಿಕ್ಕಿಸಿಕೊಂಡು ಓಡುವ ಹಾಗೆ, ಎಡವುವ ಹಾಗೆ. ಮಂಗಳಾರತಿ ಆಗಿ ಕೋಸಂಬರಿ ಹಂಚುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

‘ಚಂದ ಹೇಳ್ದೆ ಮಗಾ. ಆದ್ರೆ ಆ ಹುಡುಗನ್ನ ಅಷ್ಟು ನಗ್ಬಾರ್ದು.’

‘ಯಾಕಜ್ಜಿ?’

‘ಅಪ್ಪ, ದೊಡ್ಡೋರು, ಸೈನ್ಯ ಎಲ್ಲಾ ಆಕಡೆ ದನ ಬಿಡಿಸ್ಕಂಡು ಬರಕ್ಕೆ ಹೋಗಿದ್ರಲ್ಲ. ಮನೇಲಿ ಉಳ್ದೋನು ಅದೊಂದೇ ಮಗು. ಹೆಂಗಸ್ರೆಲ್ಲಾ ಅವನ ಮೊಕ ನೋಡ್ತಾ ಇದ್ರು. ಅವನಾದ್ರೂ ಇನ್ನೇನು ಹೇಳ್ಬೇಕಿತ್ತು?’

ಅಜ್ಜಿಗೆ ಓದು ಬರಹ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ವಿರಾಟಪರ್ವವನ್ನು ಜೀವಮಾನವಿಡೀ ಕೇಳಿಕೊಂಡು ಬಂದವರು. ಅವರು ಹೇಳಿದ್ದು ಕತೆಯೊಳಗೇ ಇದೆ. ಸುಶರ್ಮ ಒಂದು ಕಡೆಯಿಂದ ದನ ಹಿಡಿದ, ವಿರಾಟ ಸೈನ್ಯದ ಸಮೇತ ಆ ಕಡೆ ಹೋದ. ವೇಷ ಮರೆಸಿಕೊಂಡ ಪಾಂಡವರಲ್ಲೂ ಅರ್ಜುನನ ಹೊರತು ಎಲ್ಲರೂ ಹೋದರು. ಆಗ ಇನ್ನೊಂದು ಕಡೆಯಿಂದ ಕೌರವರು ಬಂದದ್ದು. ಊರಿನಲ್ಲಿ ಉಳಿದವನು ಉತ್ತರ ಒಬ್ಬನೇ. ಇದನ್ನೆಲ್ಲ ನಾನೇ ಅವತ್ತು ಸಂಜೆ ವಿವರವಾಗಿ ಹೇಳಿದ್ದೆ. ಅಜ್ಜಿ ಅದನ್ನು ಹುಡುಗನ ಕಡೆಯಿಂದ ಕೇಳಿಸಿಕೊಂಡಿದ್ದರು.

ಮನೆಗೆ ಬಂದು ವ್ಯಾಸಭಾರತದ ಅನುವಾದದಲ್ಲಿ ಉತ್ತರನ ಕತೆ ಮುಂದೆ ಏನಾಗುತ್ತದೆ ಅಂತ ಹುಡುಕಿದೆ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯುತ್ತಾನೆ. ಆನೆಯ ಮೇಲೆ ಕೂತು ಶಲ್ಯನ ಮೇಲೆ ತಾನೇ ನುಗ್ಗಿ ಹೋಗುತ್ತಾನೆ. ರಥ ತಿರುಗಿಸು ಅಂದವನು ಈ ಸಲ ತಿರುಗಿಸು ಅನ್ನಲಿಲ್ಲ. ಇದನ್ನು ಯಾವ ಗಾದೆಯೂ ನೆನಪಿಟ್ಟುಕೊಂಡಿಲ್ಲ.

ಹಾಗಂತ ನಗೆ ಬಿಟ್ಟಿಲ್ಲ. ನಗೆ ಬಿಟ್ಟರೆ ಅದು ಕುಮಾರವ್ಯಾಸನೇ ಅಲ್ಲ, ಅವನು ಬೇಕೆಂದೇ ನಗಿಸುತ್ತಾನೆ. ಅಜ್ಜಿಯ ಮಾತನ್ನು ಪೂರ್ತಿ ಒಪ್ಪಿ ಉತ್ತರನನ್ನು ಪಾಪದ ಮಗು ಮಾಡಿದರೂ ಕತೆ ಕೆಡುತ್ತದೆ. ಈಗ ಹೇಳುವಾಗ ಜಂಬದ ಪದ್ಯಗಳಿಗೆ ಧಾರಾಳವಾಗಿ ನಗಿಸುತ್ತೇನೆ. ‘ತಡೆ’ ಬಂದಾಗ ಮಾತ್ರ ಸುಮ್ಮನಾಗುತ್ತೇನೆ, ಪಂಚೆ ಸಿಕ್ಕಿಸುವ ಅಭಿನಯ ಇಲ್ಲ. ಅಕ್ಕನೂ ಅಲ್ಲಿ ರಾಗ ಎಳೆಯದೆ ಮಾತಿನ ಹಾಗೆ ಓದುತ್ತಾರೆ. ಕೆಲವರು ನಗುತ್ತಾರೆ, ಕೆಲವರು ನಗುವುದಿಲ್ಲ. ಎರಡೂ ಇರಲಿ.

ಮಳೆ ಬಂತಾ? ಬಂತು, ಮೂರ್ನಾಲ್ಕು ವಾರ ಕಳೆದ ಮೇಲೆ. ಊರಿನವರು ಓದಿಸಿದ್ದಕ್ಕೇ ಬಂತು ಅಂದರು. ಹವಾಮಾನ ಇಲಾಖೆಯವರಿಗೆ ಬೇರೆ ಕಾರಣ ಇರಬಹುದು.

ನನ್ನ ಸ್ವಂತ ಬರವಣಿಗೆಗೆ ಇದರಿಂದ ಏನಾಯಿತು ಅಂತ ಗೆಳತಿಯರು ಕೇಳುತ್ತಿರುತ್ತಾರೆ. ಬೀರುವಿನಲ್ಲಿದ್ದ ಕತೆಗಳನ್ನು ತೆಗೆದು ಒಂದೊಂದಾಗಿ ಜೋರಾಗಿ ಓದಿದೆ. ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಗೀಟು ಹಾಕಿದೆ. ಸಿಕ್ಕಿಕೊಂಡ ಜಾಗವೆಲ್ಲ ನಾನು ಜಾಣತನ ತೋರಿಸಲು ಹೋದ ಜಾಗ. ಮುಂಜಾವಿನ ವರ್ಣನೆಗಳು, ಕೊನೆಯಲ್ಲಿ ಅರ್ಥ ಹೇಳುವ ವಾಕ್ಯಗಳು. ಪಾತ್ರಗಳು ಮಾತಾಡುವ ಕಡೆ ಉಸಿರು ಸಲೀಸಾಗಿ ಹೋಗುತ್ತಿತ್ತು, ಅದರಲ್ಲೂ ನನ್ನ ಅಜ್ಜಿ, ದೊಡ್ಡಮ್ಮ ಆಡುತ್ತಿದ್ದ ಮಾತನ್ನು ಹಾಗೇ ಇಳಿಸಿದ ಕಡೆ. ಅಲ್ಲಿ ನಾನು ಲಿಪಿಕಾರಳಾಗಿದ್ದೆ ಅಂತ ಕಾಣುತ್ತದೆ. ಒಂದು ಕತೆಯನ್ನು ಪೂರ್ತಿ ಹೊಸದಾಗಿ ಬರೆದೆ. ಮೊದಲು ಬಾಯಲ್ಲಿ ಹೇಳಿ, ಮಗಳಿಗೆ ಕೇಳಿಸಿ, ಅವಳು ಫೋನ್ ಕಡೆ ನೋಡಿದ ಜಾಗಗಳನ್ನೆಲ್ಲ ತೆಗೆದು, ಆಮೇಲೆ ಪೇಪರಿಗೆ ಇಳಿಸಿದೆ. ಮೊದಲಿದ್ದದ್ದರ ಕಾಲು ಭಾಗ ಉಳಿಯಿತು. ಎಲ್ಲಿಗೂ ಕಳಿಸಿಲ್ಲ ಇನ್ನೂ.

ಎಡ ಪುಟ, ಬಲ ಪುಟ ಮಾತ್ರ ಬಿಟ್ಟಿಲ್ಲ. ಸದ್ಯ ವಿರಾಟಪರ್ವದಲ್ಲೇ ಹಿಂದಕ್ಕೆ ಹೋಗಿ ಕೀಚಕನ ಪ್ರಸಂಗ ಬರೆಯುತ್ತಿದ್ದೇವೆ. ತುಂಬಿದ ಸಭೆಯಲ್ಲಿ ಒದೆಸಿಕೊಂಡ ದ್ರೌಪದಿ ರಾತ್ರಿ ಯಾರಿಗೂ ಕಾಣದ ಹಾಗೆ ಬಾಣಸದ ಮನೆಗೆ ಹೋಗಿ ಮಲಗಿದ್ದ ಭೀಮನನ್ನು ಎಬ್ಬಿಸುತ್ತಾಳೆ. ಅಲ್ಲಿ ಬರುತ್ತದೆ: ‘ಗಂಡರೈವರು ಮೂರು ಲೋಕದ ಗಂಡರೊಬ್ಬಳನಾಳಲಾರಿರಿ.’ ಇದನ್ನು ಬಲ ಪುಟದ ಮೇಲೆ ಬಿಡಿಸಿ ಬರೆದಾಗಿನಿಂದ ನನಗೂ ಅಕ್ಕನಿಗೂ ಜಗಳ. ‘ಮೂರು ಲೋಕದ ಗಂಡರು’ ಆದ ಮೇಲೆ ಉದ್ದ ನಿಲ್ಲಬೇಕು, ಆಮೇಲೆ ದನಿ ಇಳಿಸಿ ‘ಒಬ್ಬಳನು’ ಅನ್ನಬೇಕು ಅನ್ನುತ್ತೇನೆ ನಾನು. ಐವರು, ಮೂರು ಲೋಕ ಅಂತ ಏರಿದ್ದು ಒಬ್ಬಳ ಹತ್ತಿರ ಬಂದು ಬೀಳಬೇಕು. ಅಕ್ಕ ಒಪ್ಪುವುದಿಲ್ಲ. ‘ಸಂಧಿ ಮಾಡಿ ಗಂಡರೊಬ್ಬಳ ಅಂತ ಕವಿಯೇ ಅಂಟಿಸಿದ್ದಾನೆ ಕಣೇ, ಸಿಟ್ಟು ಬಂದವಳು ಅಲ್ಲಿ ನಿಲ್ಲೋದಿಲ್ಲ, ಒಂದೇ ಉಸಿರಿಗೆ ಬಯ್ತಾಳೆ’ ಅನ್ನುತ್ತಾರೆ. ರಾಗವೂ ಅವರಿಗೆ ಮುಖಾರಿ ಬೇಡವಂತೆ, ಇದು ಅಳು ಅಲ್ಲ ಅಂತ ವಾದ.

ಮೇಷ್ಟ್ರನ್ನು ಕೇಳಿದೆವು. ಎರಡನ್ನೂ ಓದಿ ತೋರಿಸಿ ಅಂದರು. ಅಕ್ಕ ಎರಡು ಥರವೂ ಓದಿದರು. ಮೇಷ್ಟ್ರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಕೂತು, ‘ಎರಡೂ ಸರಿ. ಮುಂದಿನ ವಾರ ಇನ್ನೊಂದು ಸಲ ಬರೆದುಕೊಂಡು ಬನ್ನಿ’ ಅಂದರು. ಅಕ್ಕನಿಗೆ ಸಿಟ್ಟು ಬಂತು. ಬರೆಯುವುದೇನೋ ಬರೆದಿದ್ದಾರಂತೆ, ನಿನ್ನೆ ಫೋನ್ ಮಾಡಿದ್ದರು.